ಹತ್ತನೆಯ ಚೌಕಟ್ಟು

ಇಷ್ಟಕ್ಕೆಲ್ಲ ಕಾರಣ ಬಡಗಿ. ಒಂಬತ್ತು ಚೌಕಟ್ಟು ಮಾಡಪ್ಪಾ ಎಂದರೆ, ಒಂಬತ್ತು ನೋಡಲು ಲಕ್ಷಣವಾಗಿರುವುದಿಲ್ಲವೆಂದು ಹತ್ತು ಮಾಡಿ, ಐದೈದರಂತೆ ಎರಡು ಸಾಲು ಜೋಡಿಸಿ, ಕಾಲೇಜಿನ ಮುಂಬಾಗಿಲ ಗೋಡೆಗೆ ಬಡಿದು ಹೋಗಿದ್ದ. ‘ವಿಜ್ಞಾನ ಮತ್ತು ತಂತ್ರಜ್ಞಾನ ಕ್ಷೇತ್ರದಲ್ಲಿ ನಮ್ಮ ಹೆಮ್ಮೆ’ ಎಂಬ ಆ ಹಲಗೆಯ ಮೇಲೆ ಕೆಲಸ ಹಿಡಿದ ಒಂಬತ್ತು ಹಳೆಯ ವಿದ್ಯಾರ್ಥಿಗಳು ನಗುತ್ತಿದ್ದರು. ಹತ್ತನೆಯ ಚೌಕಟ್ಟು ಮಾತ್ರ ಮುಂದಿನ ಹಲ್ಲು ಬಿದ್ದ ಬಾಯಿಯಂತೆ ಖಾಲಿ.

ಪ್ರಾಂಶುಪಾಲರ ಕಣ್ಣಿಗೆ ಅದು ಬಿದ್ದದ್ದು ಪರಿಶೀಲನಾ ಸಮಿತಿ ಬರುವ ದಿನ, ಬೆಳಿಗ್ಗೆ ಹತ್ತಕ್ಕೆ. ಸಮಿತಿ ಬರುವುದು ಮಧ್ಯಾಹ್ನ ಮೂರಕ್ಕೆ. ಕೂಡಲೇ ಕೈಮರಕ್ಕೆ ಹೇಳಿ ಕಳಿಸಿದರು.

ಕೈಮರ ಎಂದರೆ ಭೌತಶಾಸ್ತ್ರದ ತಾತ್ಕಾಲಿಕ ಮೇಷ್ಟ್ರು. ಇದೇ ಕಾಲೇಜಿನಲ್ಲಿ ಓದಿ, ಚಿನ್ನದ ಪದಕ ಗೆದ್ದು, ಇಲ್ಲೇ ಪಾಠಕ್ಕೆ ನಿಂತವರು. ಹನ್ನೊಂದು ತಿಂಗಳ ಕರಾರು, ಒಂದು ತಿಂಗಳು ಮನೆ, ಮತ್ತೆ ಹನ್ನೊಂದು ತಿಂಗಳು. ಹನ್ನೆರಡು ತಿಂಗಳು ಒಟ್ಟಿಗೆ ದುಡಿದವರು ಎಲ್ಲಿ ಕಾಯಂ ಮಾಡಿ ಎಂದು ಕೇಳಿಬಿಡುತ್ತಾರೋ ಎಂದು ಆಡಳಿತ ಮಂಡಳಿ ಹೂಡಿದ ಉಪಾಯ ಅದು. ಹೀಗೆ ಹದಿನಾಲ್ಕು ಸಲ ಆಗಿತ್ತು. ಆ ಖಾಲಿ ತಿಂಗಳಲ್ಲೂ ಅವರು ಅಕ್ಕಪಕ್ಕದವರ ಕಣ್ಣಿಗಾಗಿ ಊಟದ ಡಬ್ಬಿ ಹಿಡಿದು ಹೊರಟು, ಸಾರ್ವಜನಿಕ ಗ್ರಂಥಾಲಯದಲ್ಲಿ ಕೂತು ಸಂಜೆ ಬರುತ್ತಿದ್ದರು. ಯಾರಿಗೂ ಬೇಡದ ಕೆಲಸವೆಲ್ಲ ತಾತ್ಕಾಲಿಕರ ತಲೆಗೆ ಬೀಳುವುದರಿಂದ ವೃತ್ತಿ ಮಾರ್ಗದರ್ಶನ ಕೋಶವೂ ಅವರದೇ. ಕೆಟ್ಟ ತಕ್ಕಡಿಗಳ ಉಗ್ರಾಣದಲ್ಲಿ ಕೂತು, ಯಾವ ಕೋರ್ಸು, ಯಾವ ಪರೀಕ್ಷೆ, ಯಾವ ಪ್ರಯೋಗಾಲಯ ಎಂದು ಹುಡುಗರಿಗೆ ದಾರಿ ತೋರಿಸುತ್ತಿದ್ದರು. ರಸ್ತೆ ಕೂಡುವಲ್ಲಿ ದಾರಿ ತೋರುವ ಕಂಬ ಎಲ್ಲರನ್ನೂ ಕಳಿಸಿ ತಾನು ನಿಂತಲ್ಲೇ ನಿಂತಿರುತ್ತದೆಂದು ಹುಡುಗರೇ ಇಟ್ಟ ಹೆಸರು ಅದು.

ಪ್ರಾಂಶುಪಾಲರ ಮೇಜಿನ ಮೇಲೆ ಕಾಯಂ ಆದೇಶ ಬೆರಳಚ್ಚಾಗಿ ಬಿದ್ದಿತ್ತು. ಸಹಿಯೊಂದೇ ಬಾಕಿ. ಹದಿನಾಲ್ಕನೆಯ ಕರಾರು ಮುಗಿಯುವುದೂ ಅಂದೇ.

“ಮೂರು ಗಂಟೆಗೆ ಹತ್ತೂ ತುಂಬಿರ್ಲಿ, ಸಂಜೆ ಸಹಿ ಹಾಕ್ತೀನಿ. ತುಂಬಿಲ್ಲ ಅಂದ್ರೆ ಆ ಕೋಶ ಯಾಕೆ, ನೀವ್ಯಾಕೆ, ನೀವೇ ಹೇಳಿ ಮೇಷ್ಟ್ರೇ.”

ಕೈಮರ ಉಗ್ರಾಣಕ್ಕೆ ಓಡಿ ಹಳೆಯ ವಿದ್ಯಾರ್ಥಿಗಳ ಪಟ್ಟಿ ಹರವಿಕೊಂಡು ಫೋನು ಒತ್ತತೊಡಗಿದರು. ದತ್ತಾಂಶ ವಿಜ್ಞಾನಕ್ಕೆ ಕಳಿಸಿದ್ದ ಹುಡುಗ ಮನೆಮನೆಯ ನೀರಿನ ಮೀಟರು ನೋಡಿ ಬರೆದುಕೊಂಡು ಬರುತ್ತಿದ್ದ. ಜೈವಿಕ ತಂತ್ರಜ್ಞಾನದವನು ಶಾಂಪೂ ಮಾರುತ್ತಿದ್ದ, ಕೂದಲೂ ಜೀವಶಾಸ್ತ್ರಕ್ಕೇ ಸೇರಿದ್ದಲ್ಲವೇ ಎಂದು ತಾನೇ ಸಮಾಧಾನ ಹೇಳಿದ. ಖಗೋಳ ವಿಜ್ಞಾನದ ಕನಸು ಹತ್ತಿಸಿ ಕಳಿಸಿದ್ದ ಹುಡುಗಿ, ನಿಮ್ಮಲ್ಲೇ ಏನಾದರೂ ಖಾಲಿ ಇದೆಯಾ ಎಂದು ಕೇಳಿದಳು. ಒಂದು ಚೌಕಟ್ಟು ಖಾಲಿ ಇದೆಯಮ್ಮ ಎನ್ನುವ ಮಾತು ನಾಲಿಗೆಯ ತುದಿಗೆ ಬಂದು ನಿಂತಿತು.

ನಡುವೆ ಹೆಂಡತಿಯ ಫೋನು. “ರೀ, ಸಹಿ ಆಯ್ತಾ?” ಇನ್ನೂ ಇಲ್ಲ ಎಂದರು.

ಅಷ್ಟರಲ್ಲಿ ಸುದ್ದಿ ತಿಳಿದು ಸಲಹೆಗಾರರು ನೆರೆದರು. ರಸಾಯನಶಾಸ್ತ್ರದ ಮೇಡಂ ತಮ್ಮ ಅಕ್ಕನ ಮಗನ ಫೋಟೋ ಕೊಡುತ್ತೇನೆಂದರು. ಅವನು ಈ ಕಾಲೇಜಿನ ಮೆಟ್ಟಿಲು ಹತ್ತಿದವನಲ್ಲ, ಆದರೆ ಬಿಳಿ ಕೋಟಿನಲ್ಲಿ ಮುದ್ದಾಗಿ ಕಾಣುತ್ತಾನಂತೆ. ಹಿರಿಯ ಗುಮಾಸ್ತರು ಮಾತ್ರ ಯಾರ ಮುಖವಾದರೂ ಸರಿ, ನೇಮಕದ ಪತ್ರ ಮೂರು ಪ್ರತಿ ಬೇಕು ಎಂದರು.

ಒಂದು ಗಂಟೆಗೆ ಪ್ರೊಜೆಕ್ಟರು ಕೈಕೊಟ್ಟಿತು. ಅದನ್ನು ಸರಿಮಾಡಲು ಬಂದ ಮೆಕ್ಯಾನಿಕ್ಕು ಕೈಮರವನ್ನು ಕಂಡವನೇ ಬಾಗಿ ಕಾಲು ಮುಟ್ಟಿದ. ಎರಡನೇ ವರ್ಷದಲ್ಲಿ ನಪಾಸಾಗಿ ಹೋಗಿದ್ದ ಹುಡುಗ. ಈಗ ಅವನಿಗೆ ಸ್ವಂತ ಅಂಗಡಿ, ಕೈಕೆಳಗೆ ಎಂಟು ಜನ, ಆಸ್ಪತ್ರೆಗಳ ಸ್ಕ್ಯಾನಿಂಗ್ ಯಂತ್ರಗಳಿಂದ ಹಿಡಿದು ಸೂಕ್ಷ್ಮದರ್ಶಕದವರೆಗೆ ಎಲ್ಲದರ ರಿಪೇರಿ. ಇದು ತಂತ್ರಜ್ಞಾನವಲ್ಲದಿದ್ದರೆ ಇನ್ನೇನು ಎಂದು ಕೈಮರಕ್ಕೆ ಅನಿಸಿತು. ಡಿಗ್ರಿಯೇ ಆಗಿಲ್ಲವಲ್ಲ ಎಂದು ಗುಮಾಸ್ತರು ತಕರಾರು ತೆಗೆದರು.

“ಫೋಟೋದಲ್ಲಿ ಮಾರ್ಕ್ಸ್ ಕಾರ್ಡು ಕಾಣತ್ತೇನ್ರೀ?” ಎಂದು ಮೇಡಂ ಗುಮಾಸ್ತರ ಬಾಯಿ ಮುಚ್ಚಿಸಿದರು.

ಮೊಬೈಲಿನಲ್ಲಿ ಫೋಟೋ ತೆಗೆದು ಕಚೇರಿಯ ಪ್ರಿಂಟರಿಗೆ ಕಳಿಸಿದರೆ, ಕೆಂಪು ಶಾಯಿ ಮುಗಿದಿದ್ದರಿಂದ ಮುಖ ಪಾಚಿ ಕಟ್ಟಿದ ನೀರಿನ ತೊಟ್ಟಿಯಂತೆ ಹಸಿರಾಗಿ ಬಂತು. ಇನ್ನೊಂದು ತೆಗೆಸಲು ಹೊತ್ತಿರಲಿಲ್ಲ. ಎರಡೂಮುಕ್ಕಾಲಿಗೆ ಹಸಿರು ಮುಖ ಚೌಕಟ್ಟಿನೊಳಗೆ ಕೂತಿತು.

ಸಮಿತಿಯ ಅಧ್ಯಕ್ಷೆ ಹಿರಿಯ ವಿಜ್ಞಾನಿ, ಮಾತು ಕಡಿಮೆ. ಒಂಬತ್ತು ಮುಖಗಳನ್ನು ದಾಟಿ ಬಂದು ಹತ್ತನೆಯದರ ಮುಂದೆ ನಿಂತೇಬಿಟ್ಟರು. ಅದೇ ಹೊತ್ತಿಗೆ ಮೆಕ್ಯಾನಿಕ್ಕು ಚೀಲ ಹೆಗಲಿಗೇರಿಸಿ ಹೊರಗೆ ಬಂದ. ಬಣ್ಣವೊಂದು ಬಿಟ್ಟರೆ ಉಳಿದದ್ದೆಲ್ಲ ಹೊಂದುತ್ತಿತ್ತು. ಈ ದಾರಿ ಹೇಗೆ ಸಿಕ್ಕಿತೆಂದು ಅಧ್ಯಕ್ಷೆ ಅವನನ್ನೇ ಕೇಳಿದರು.

ಮೆಕ್ಯಾನಿಕ್ಕು ಕೈಮರದ ಕಡೆ ತಿರುಗಿ ಕೈಮುಗಿದ. “ಎಲ್ಲಾ ಈ ಸಾರ್ ದಯೆ ಮೇಡಂ. ಇಲ್ಲಿ ಕೂತು ಇನ್ನೂ ಎರಡು ವರ್ಷ ಹಾಳು ಮಾಡ್ಕೋಬೇಡ, ನಿನ್ನ ಕೈ ಚುರುಕಾಗಿದೆ, ಮೊದ್ಲು ಈ ಕಾಲೇಜು ಬಿಡು ಅಂದ್ರು. ಬಿಟ್ಟೆ ನೋಡಿ, ಉದ್ಧಾರ ಆದೆ.”

ಹದಿನಾಲ್ಕು ಕರಾರುಗಳಲ್ಲಿ ಕೈಮರ ಕೊಟ್ಟ ಅತ್ಯಂತ ಪ್ರಾಮಾಣಿಕ ಸಲಹೆ ಅದೇ ಆಗಿತ್ತು. ಅಧ್ಯಕ್ಷೆ ಟಿಪ್ಪಣಿ ಬರೆಸಿದರು: ಹತ್ತನೆಯದನ್ನು ತೆಗೆಯುವುದು. ಇದೇ ಕಾಲೇಜಿನ ಪದವಿ ಪಡೆದು, ಈ ವರ್ಷ ತಾಂತ್ರಿಕ ಕೆಲಸಕ್ಕೆ ಸೇರಿದವರೊಬ್ಬರನ್ನು ದಾಖಲೆಸಹಿತ ಐದು ಗಂಟೆಯೊಳಗೆ ತೋರಿಸುವುದು. ಇಲ್ಲವಾದರೆ ಕೋಶವನ್ನು ಮುಚ್ಚುವುದು. ಪ್ರಾಂಶುಪಾಲರು ಕಾಯಂ ಆದೇಶವನ್ನು ಮೇಜಿನ ಖಾನೆಗೆ ಹಾಕಿ ಬೀಗ ತಿರುಗಿಸಿದ ಸದ್ದು ಹೊರಗಿನವರೆಗೂ ಕೇಳಿತು.

ಮೆಕ್ಯಾನಿಕ್ಕು ತಲೆತಗ್ಗಿಸಿ ಉಗ್ರಾಣಕ್ಕೆ ಬಂದ. ಕಪಾಟಿನ ತಕ್ಕಡಿಯೊಂದನ್ನು ಮುಟ್ಟಿ ನೋಡಿದ. ಮುಳ್ಳು ಕೂದಲೆಳೆಯಷ್ಟೂ ಅಲುಗದೆ ನಡುವಿಗೆ ನಿಂತಿತ್ತು. ಇದನ್ನು ಯಾರು ಸರಿಮಾಡಿದ್ದೆಂದು ಕೇಳಿದ. ಹೊತ್ತು ಹೋಗದಾಗ ನಾನೇ ಎಂದರು ಕೈಮರ.

“ನಮ್ಮಲ್ಲಿಗೆ ಬಂದ್ಬಿಡಿ ಸಾರ್. ಇಂಥ ಕೈ ನನ್ನ ಎಂಟು ಜನದಲ್ಲಿ ಒಬ್ಬರಿಗೂ ಇಲ್ಲ.”

ಬಾಗಿಲಲ್ಲಿ ನಿಂತಿದ್ದ ಗುಮಾಸ್ತರು ಬೆರಳು ಮಡಚತೊಡಗಿದರು. ಇದೇ ಕಾಲೇಜಿನ ಪದವಿ, ಅದೂ ಚಿನ್ನದ ಪದಕ. ತಾಂತ್ರಿಕ ಕೆಲಸ. ಇದೇ ವರ್ಷ. ಎಣಿಸಿ ಮುಗಿಸಿದವರೇ ಪ್ರಾಂಶುಪಾಲರ ಕೋಣೆಗೆ ಓಡಿದರು. ಪ್ರಾಂಶುಪಾಲರು ಬಂದು, ಹದಿನಾಲ್ಕು ವರ್ಷದಲ್ಲಿ ಮೊದಲ ಬಾರಿಗೆ, ಕೈಮರದ ಕೈಕುಲುಕಿದರು.

ಮೆಕ್ಯಾನಿಕ್ಕಿಗೆ ನೇಮಕದ ಪತ್ರ ಬರೆದು ಗೊತ್ತಿರಲಿಲ್ಲ, ಅವನ ಎಂಟು ಜನರೂ ಬಾಯಿಮಾತಿನಲ್ಲೇ ಬಂದವರು. ಗುಮಾಸ್ತರೇ ತಮ್ಮ ಕಂಪ್ಯೂಟರಿನಲ್ಲಿದ್ದ ನಮೂನೆಯಲ್ಲಿ ಕಾಲೇಜಿನ ಹೆಸರು ಅಳಿಸಿ ಅಂಗಡಿಯ ಹೆಸರು ಸೇರಿಸಿ, ಮೂರು ಪ್ರತಿ ತೆಗೆದು, ಬೆರಳಿಟ್ಟ ಕಡೆಯೆಲ್ಲ ಅವನಿಂದ ಸಹಿ ಹಾಕಿಸಿದರು. ಹಸಿರು ಮುಖ ಹೋಗಿ ಆ ಜಾಗಕ್ಕೆ ಪದಕ ತೊಟ್ಟ, ತಲೆತುಂಬ ಕೂದಲಿದ್ದ ತರುಣನೊಬ್ಬ ಬಂದ. ಜವಾನ ರಜೆಯಲ್ಲಿದ್ದುದರಿಂದ ಮೊಳೆ ಹೊಡೆದವರು ಕೈಮರವೇ.

ಐದಕ್ಕೆ ಇನ್ನೂ ಎರಡು ನಿಮಿಷವಿತ್ತು. ಫೋನು ಬಂತು.

“ರೀ, ಸಹಿ ಆಯ್ತಾ?”

“ಆಯ್ತು.”

ಹದಿನಾಲ್ಕು ಕರಾರುಗಳನ್ನು ಕಂಡ ಹೆಂಡತಿ. “ಎಷ್ಟು ತಿಂಗಳಿಗೆ?”

ಕೈಮರ ಕೈಯಲ್ಲಿದ್ದ ಪತ್ರ ಬಿಡಿಸಿ, ಎರಡನೆಯ ಸಾಲನ್ನು ಆಗ ಓದಿದರು.

“ಹನ್ನೊಂದು” ಎಂದರು.