ಚಿಗವ್ವನ ಕೆಂಪು ಮಷಿನ್

ಸೀರೆ ಅಂಗಡಿಗೆ ಹೋಗಿ ಹತ್ತೇ ನಿಮಿಷದಲ್ಲಿ ಹೊರಗೆ ಬರುವ ಹೆಂಗಸು ಈ ಭೂಮಿಯ ಮೇಲೆ ಒಬ್ಬಳಿದ್ದರೆ ಅವಳು ನಮ್ಮ ಚಿಗವ್ವ. ಹಾಗಂತ ಅವಳಿಗೆ ಆರಿಸುವ ಚಟ ಇಲ್ಲ ಎಂದು ತಿಳಿಯಬೇಡಿ. ಮರ ಕೊಯ್ಯುವ ಮಷಿನ್ ಮಾರುವ ಅಂಗಡಿಗೆ ಒಮ್ಮೆ ಕರೆದುಕೊಂಡು ಹೋಗಿ ನೋಡಿ! ಅಂಗಡಿಯವನು ಮಧ್ಯಾಹ್ನದ ಊಟವನ್ನು ಸಂಜೆ ಮಾಡಬೇಕಾಗುತ್ತದೆ.

ಚಿಗವ್ವ ಎಂದರೆ ನನ್ನ ಅಪ್ಪನ ತಮ್ಮನ ಹೆಂಡತಿ. ಕುಕನೂರಿನ ಹತ್ತಿರ ನಮ್ಮೂರು. ಸುತ್ತಲಿನ ಹಳ್ಳಿಗಳಲ್ಲಿ ಯಾರ ಹೊಲದ ಬದುವಿನಲ್ಲಿ ಮರ ಬಿದ್ದರೂ, ಯಾರ ಅಂಗಳದಲ್ಲಿ ಟೊಂಗೆ ನೆಲಕ್ಕೆ ಬಾಗಿದರೂ ಇವಳನ್ನೇ ಕರೆಯುತ್ತಾರೆ. ಮೊದಲು ಈ ಕೆಲಸ ಅವಳ ಗಂಡ, ನಮ್ಮ ಕಾಕಾನದಾಗಿತ್ತು. ಮೂರು ವರ್ಷದ ಹಿಂದೆ ಕಾಕಾ ಹುಣಸೆ ಮರದಿಂದ ಬಿದ್ದ. ಜೀವ ಉಳಿಯಿತು, ಕಾಲು ಉಳಿಯಲಿಲ್ಲ. ಅಂದಿನಿಂದ ಮನೆಯ ಮುಂದಿನ ಛಪ್ಪರದ ಕೆಳಗಿನ ಹಗ್ಗದ ಮಂಚ, ಆ ಹೊರಸೇ ಅವನ ಊರು. ಅವನ ಕೆಂಪು ಮಷಿನ್ ಮಾರಿಬಿಡು ಎಂದು ಊರಿಗೆ ಊರೇ ಬುದ್ಧಿ ಹೇಳಿತು.

"ಒಬ್ರು ಮಲಗ್ಯಾರಂತ ಮಷಿನ್ನೂ ಮಲಗಿಸ್ಲೇನು?" ಎಂದು ಚಿಗವ್ವ ಕೇಳಿದಳು. ಮರುದಿನ ಸೀರೆಯ ಮೇಲೆ ಕಾಕಾನ ಅಂಗಿ ತೊಟ್ಟಳು. ಕಾಕಾನ ಬೂಟಿಗೆ ಹಳೆ ಬಟ್ಟೆ ತುರುಕಿ ಕಾಲಿಗೆ ಏರಿಸಿದಳು. ಕಾಕಾನ ಬೈಕಿನ ಹೆಲ್ಮೆಟ್ ತಲೆಗೆ ಹಾಕಿದಳು. ಮರ ಹತ್ತುವುದಿಲ್ಲ, ನೆಲದ ಮೇಲೆ ನಿಂತು ಆಗುವಷ್ಟೇ ಕೆಲಸ ಎಂದು ತನಗೆ ತಾನೇ ಕಾನೂನು ಮಾಡಿಕೊಂಡಳು. ಆ ವೇಷದಲ್ಲಿ ಅವಳು ಮೊದಲ ಸಲ ಓಣಿಯಲ್ಲಿ ನಡೆದು ಹೋದಾಗ ನಾಯಿಗಳು ಬೊಗಳುವುದನ್ನೂ ಮರೆತು ನೋಡಿದವಂತೆ!

ಈಗ ಅವಳೇ ಒಂದು ಇಲಾಖೆ. ಹೊಸ ಮಷಿನ್ ಕೊಳ್ಳುವವರು ಅಂಗಡಿಗೆ ಹೋಗುವ ಮುಂಚೆ ಅವಳ ಕಟ್ಟೆಗೆ ಬರುತ್ತಾರೆ. "ಯಾವ ಮಷಿನ್ ಛಲೋ ಐತಿ, ಯಕ್ಕಾ?" ಎಂದು ಕೇಳಿದರೆ ಸಾಕು, "ಯಾವ ಮರ? ಯಾರ ಕೈ?" ಎಂದು ತಿರುಗಿ ಕೇಳುತ್ತಾಳೆ. ಆಮೇಲೆ ಬಳೆಗಾರರ ಹಾಗೆ ಬಂದವನ ಮಣಿಕಟ್ಟು ಒತ್ತಿ ನೋಡುತ್ತಾಳೆ. ಯಾರಿಗೆ ಯಾವುದು ಯಾಕೆ ಇಷ್ಟ ಎನ್ನುವುದು ಅವಳಿಗೆ ಬಾಯಿಪಾಠ. ತೋಟದವರು ಹಗುರವಾದ ಗಿಡ್ಡ ಬ್ಲೇಡಿನದನ್ನು ಬಯಸುತ್ತಾರೆ, ದಿನವಿಡೀ ಮಾವಿನ ಟೊಂಗೆ ಸವರಿದರೂ ತೋಳು ಬೀಳುವುದಿಲ್ಲ. ಕರೆಂಟಿನವರಿಗೆ ಮೇಲೆ ಹಿಡಿ ಇರುವ ಪುಟ್ಟದು ಬೇಕು, ಕಂಬದ ಪಕ್ಕದ ಸಂದಿಯಲ್ಲೂ ತೂರುತ್ತದೆ. ಗುತ್ತಿಗೆದಾರರಿಗೆ ಮಾತ್ರ ಎಲ್ಲಕ್ಕಿಂತ ಉದ್ದ ಬ್ಲೇಡಿನದೇ ಆಗಬೇಕು. ಯಾಕೆ? ಟ್ರ್ಯಾಕ್ಟರಿನಲ್ಲಿ ಇಟ್ಟುಕೊಂಡು ಹೊರಟರೆ ಊರಿಗೆಲ್ಲ ಕಾಣುತ್ತದೆ! ಮೈಯೆಲ್ಲ ಮುಳ್ಳಿನ ಬಳ್ಳಾರಿ ಜಾಲಿ ಕಡಿಯಲು ಯಾವುದು ಒಳ್ಳೆಯದು ಎಂದು ಒಬ್ಬ ಕೇಳಿದ್ದಕ್ಕೆ ಚಿಗವ್ವ ಅವನ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿ, "ಜಾಲಿಗೆ ಮಷಿನ್ ಯಾವುದಾದ್ರೂ ನಡೀತೈತಿ. ಚರ್ಮ ದಪ್ಪ ಇರ್ಬೇಕು" ಎಂದಳು.

ಯಲಬುರ್ಗಾ ಕಡೆಯ ಒಬ್ಬ ಗುತ್ತಿಗೆದಾರ ಅವಳ ಮಾತು ಕೇಳದೆ ಉದ್ದ ಬ್ಲೇಡಿನದನ್ನೇ ತಂದ. ಮೂರನೆಯ ದಿನ ಅದನ್ನು ಹೊತ್ತುಕೊಂಡು ಅವಳ ಬಾಗಿಲಿಗೆ ಬಂದ.

"ಅಂಗಡ್ಯಾಂವ ಮೋಸ ಮಾಡ್ಯಾನ ಯಕ್ಕಾ. ಒಂದು ಬೇವಿನಮರ ಕೊಯ್ಯೂದ್ರಾಗ ಬಿಗಿದು ಕುಂತೈತಿ."

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಚಿಗವ್ವ ಟ್ಯಾಂಕಿನ ಮುಚ್ಚಳ ತಿರುಗಿಸಿ ಮೂಸಿದಳು. ಈ ಮಷಿನ್ನುಗಳಿಗೆ ಪೆಟ್ರೋಲಿನ ಜೊತೆ ಎಣ್ಣೆ ಕಲಸಿ ಹಾಕಬೇಕು. ಆತ ಬೈಕಿಗೆ ಹಾಕುವ ಹಾಗೆ ಬರಿ ಪೆಟ್ರೋಲ್ ಸುರಿದಿದ್ದ.

"ಎಣ್ಣಿ ಇಲ್ದ ಒಗ್ಗರಣಿ ಕೊಟ್ಟೀಯಪಾ. ಸೀದು ಹೋಗದ ಇನ್ನೇನ್ ಮಾಡೀತು?"

ಅವಳ ಲೋಕವೆಲ್ಲ ಅಡುಗೆಮನೆಯಿಂದಲೇ ಶುರುವಾಗುತ್ತದೆ. ಮರ ಕೊಯ್ಯುತ್ತಿರುವಾಗ ನಡುವೆ ನಿಲ್ಲಿಸಿ, ಕೆಳಗೆ ಬಿದ್ದ ಪುಡಿಯನ್ನು ಬೆರಳಲ್ಲಿ ತಿಕ್ಕಿ ನೋಡುತ್ತಾಳೆ. ದಪ್ಪ ರವೆಯ ಹಾಗೆ ಬಿದ್ದಿದ್ದರೆ ಮಷಿನ್ನಿನ ಹಲ್ಲು ಚೂಪಾಗಿದೆ ಎಂದು ಅರ್ಥ. ಹಿಟ್ಟಿನ ಹಾಗಿದ್ದರೆ ಹಲ್ಲು ಮೊಂಡಾಗಿದೆ. ಹಿಟ್ಟು ಬಿತ್ತೋ, ಕೆಲಸ ಬಂದ್! ಅಲ್ಲೇ ಕಾಲು ಚಾಚಿ ಕೂತು, ಅರ ತೆಗೆದುಕೊಂಡು ಒಂದೊಂದೇ ಹಲ್ಲು ಮಸೆಯುತ್ತಾಳೆ. ಊರಿನ ಹಿರಿಯರೊಬ್ಬರು ಒಮ್ಮೆ ತಡೆಯಲಾರದೆ "ಜಲ್ದಿ ಮುಗಸವಾ, ಹೊತ್ತಾತು" ಎಂದರು. ಚಿಗವ್ವ ತಲೆ ಎತ್ತಲಿಲ್ಲ. "ನೀವು ಹಲ್ಲು ತಿಕ್ಕದ ರೊಟ್ಟಿಗೆ ಕುಂದರ್ತೀರೇನ್ರಿ?" ಎಂದಳು. ಹಿರಿಯರು ಅಂದಿನಿಂದ ಅವಳ ಜೊತೆ ಬಾಯಿ ಮುಚ್ಚಿಕೊಂಡೇ ಮಾತಾಡುತ್ತಾರೆ.

ಇಷ್ಟಾದರೂ ಸಹಿಸಬಹುದು. ಸಹಿಸಲಾಗದ್ದು ಅವಳ ಫೋನು. ಹಗಲು ಯಾವಾಗ ಹಚ್ಚಿದರೂ ಬ್ಯುಸಿ! ಹೋಗಲಿ ಎಂದು ಕಾಕಾನಿಗೆ ಹಚ್ಚಿದರೆ ಅವನದೂ ಬ್ಯುಸಿ! ರಾತ್ರಿ ಹಚ್ಚಿದರೆ ಎರಡೂ ಚಾರ್ಜ್ ಮುಗಿದು ಬಂದ್! ಅವಳಿಗೆ ಗಿರಾಕಿಗಳ ಕಾಟ, ಅವನಿಗೆ ಹೊತ್ತು ಹೋಗದ ಹಾಳುಹರಟೆ ಎಂದು ನಾವೆಲ್ಲ ತೀರ್ಮಾನಿಸಿದ್ದೆವು. ನಮ್ಮ ಅವ್ವ ಮಾತ್ರ, "ಈ ವಯಸ್ಸಿನ್ಯಾಗ ತಾಸುಗಟ್ಲೆ ಅದೇನ್ ಮಾತೋ, ಅದ್ಯಾರ ಕೂಡ ಮಾತೋ" ಎಂದು ಮೂಗು ಮುರಿಯುತ್ತಿದ್ದಳು. ನನ್ನ ಮಗಳನ್ನು ತೊಟ್ಟಿಲಿಗೆ ಹಾಕುವ ಸುದ್ದಿ ಹೇಳಲು ಎರಡು ದಿನ ಒದ್ದಾಡಿದೆ. ಕೊನೆಗೆ ಕುಕನೂರಿನ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಚೀಟಿ ಕೊಟ್ಟು ಕಳಿಸಿದೆ. ಮನುಷ್ಯ ಚಂದ್ರನ ಮೇಲೆ ಹೋಗಿಬಂದ ಕಾಲದಲ್ಲಿ ನಾನಿರುವ ಯಲಬುರ್ಗಾದಿಂದ ನಮ್ಮೂರಿಗೆ ಚೀಟಿ!

ಚೀಟಿ ಮುಟ್ಟಿತು, ಚಿಗವ್ವ ಬಂದಳು. ಕೂಸಿನ ಕೈಗೆ ಕರಿದಾರ ಕಟ್ಟು ಎಂದು ಅವ್ವ ಅವಳ ಕೈಗೆ ದಾರ ಕೊಟ್ಟಳು. ಗಂಟು ಬೀಳಲಿಲ್ಲ. ಮತ್ತೆ ಹಾಕಿದಳು, ಜಾರಿತು. ಮೂರನೆಯ ಸಲ ದಾರವೇ ಕೈಯಿಂದ ಬಿತ್ತು, ಬಿದ್ದದ್ದು ಅವಳಿಗೆ ತಿಳಿಯಲೂ ಇಲ್ಲ.

"ಬೆರಳು ಜೋಮು ಹಿಡದಾವ. ಹೊಳ್ಳಿ ಬರ್ತಾವ ತಗೋ" ಎಂದು ನಕ್ಕಳು. ನನಗೆ ನಗು ಬರಲಿಲ್ಲ. ಮರವನ್ನೇ ಉರುಳಿಸುವ ಕೈಗೆ ಒಂದು ದಾರ ಕಟ್ಟಲು ಬರಲಿಲ್ಲವಲ್ಲ!

ನಾನು ಯಲಬುರ್ಗಾದ ಒಂದು ಕಚೇರಿಯಲ್ಲಿ ಗುಮಾಸ್ತ. ಗುಮಾಸ್ತ ಒಂದು ವಿಷಯ ಹಿಡಿದರೆ ಕಡತ ಮುಚ್ಚುವ ತನಕ ಬಿಡುವುದಿಲ್ಲ. ಡಾಕ್ಟರನ್ನು ಕೇಳಿದೆ. ಆ ಹಳೆಯ ಕೆಂಪು ಮಷಿನ್ ದಿನವಿಡೀ ಗಡಗಡ ನಡುಗಿ ಕೈಯ ನರಗಳನ್ನು ಕೆಡಿಸುತ್ತದೆ, ಹೀಗೇ ಬಿಟ್ಟರೆ ಬೆರಳು ತಿರುಗಿ ಬರುವುದಿಲ್ಲ ಎಂದರು. ಮಷಿನ್ ಇಟ್ಟುಕೊಂಡವರನ್ನೆಲ್ಲ ವಿಚಾರಿಸಿದೆ. ಈಗ ಬ್ಯಾಟರಿಯದು ಬಂದಿದೆ, ಹೆಚ್ಚು ನಡುಗುವುದಿಲ್ಲ, ಹೊಗೆಯಿಲ್ಲ, ಹಗ್ಗ ಜಗ್ಗಿ ಚಾಲೂ ಮಾಡುವ ರಗಳೆ ಇಲ್ಲ, ಎಲ್ಲಕ್ಕಿಂತ ಹೆಚ್ಚಾಗಿ ಸದ್ದಿಲ್ಲ ಎಂದರು. ಅಂದೇ ಪಣ ತೊಟ್ಟೆ. ಚಿಗವ್ವನ ಕೈಗೆ ಬ್ಯಾಟರಿ ಮಷಿನ್ ಹಿಡಿಸದಿದ್ದರೆ ನಾನು ಆ ಮನೆತನದವನೇ ಅಲ್ಲ!

ಹೇಳಿ ಹೇಳಿ, ಕಾಡಿ ಬೇಡಿ, ಒಂದು ದಿನ ಅವಳನ್ನು ಕೊಪ್ಪಳದ ಅಂಗಡಿಗೆ ಕರೆದುಕೊಂಡು ಹೋದೆ. ಅವಳು ಅದನ್ನು ಎತ್ತಿದಳು, ತೂಗಿದಳು, ಹಲ್ಲು ಎಣಿಸಿದಳು. ಅಂಗಡಿಯವನು ಕೊಯ್ದು ನೋಡಲು ಒಂದು ಬೇವಿನ ತುಂಡು ಕೊಟ್ಟ. ಕೊಯ್ದಳು. ಬೆಣ್ಣೆಯಲ್ಲಿ ಹೋದ ಹಾಗೆ ಹೋಯಿತು. ಪುಡಿ ತಿಕ್ಕಿದಳು.

"ರವಾ ಐತಿ" ಎಂದಳು. ಬೆರಳು ಮಡಿಸಿ ಬಿಚ್ಚಿದಳು. "ಕೈಗೂ ಏನೂ ಆಗ್ಲಿಲ್ಲ."

ಗೆದ್ದೆ ಎಂದುಕೊಂಡೆ. ಅಷ್ಟರಲ್ಲಿ ಅವಳು ಬಟನ್ ಬಿಟ್ಟಳು, ಮಷಿನ್ ನಿಂತಿತು. ಒತ್ತಿದಳು, ಬಿಟ್ಟಳು. ಮತ್ತೆ ಒತ್ತಿದಳು, ಬಿಟ್ಟಳು.

"ಬಟನ್ ಬಿಟ್ರ ಸತ್ತ ಹೋಗ್ತೈತೇನ್ರಿ?"

"ಹೌದ್ರಿ ಅವ್ವಾರ. ಅದ ಇದರ ಗುಣ. ಅದಕ್ಕ ಮಂದಿ ಇದನ್ನ ಕೇಳ್ಕೊಂಡು ಬರ್ತಾರ. ಬಾಜೂಕಿನ ಮನ್ಯಾಗ ಮಲಗಿದ ಕೂಸು ಏಳಂಗಿಲ್ಲ."

"ಮಲಗಿದ ಕೂಸು ಏಳಂಗಿಲ್ಲ ಖರೆ" ಎಂದಳು ಚಿಗವ್ವ. "ಎಚ್ಚರಿದ್ದಾಂವ ಏನ್ ಮಾಡ್ಬೇಕು?"

ಅಂಗಡಿಯವನು ನನ್ನ ಮುಖ ನೋಡಿದ. ನಾನು ಅಂಗಡಿಯವನ ಮುಖ ನೋಡಿದೆ. ಚಿಗವ್ವ ಮಷಿನ್ ಕೆಳಗಿಟ್ಟು, ಸೆರಗು ಕೊಡವಿ, "ಒಲ್ಲೆ" ಎಂದು ಮೆಟ್ಟಿಲಿಳಿದಳು. ಬಸ್ಸಿನಲ್ಲಿ ದಾರಿಯುದ್ದಕ್ಕೂ ವಾದ ಮಾಡಿದೆ. "ನಡುನಡುವ ಸಾಯೋ ಮಷಿನ್ ನನಗ ಬ್ಯಾಡ" ಎನ್ನುವುದೊಂದೇ ಅವಳ ಉತ್ತರ. ಇದೊಂದು ಕಾರಣವೇ? ತಲೆ ನೆಟ್ಟಗಿದ್ದವರು ಆಡುವ ಮಾತೇ? ಮೊಂಡರು ರಾಜರಿಗಿಂತ ಬಲವಂತರು ಎನ್ನುತ್ತಾರೆ. ಇರಲಿ, ನಾನೂ ಮೊಂಡನೇ. ಮುಂದಿನ ತಿಂಗಳು ಆ ಮಷಿನ್ನನ್ನು ನಾನೇ ಕೊಂಡು, ಡಬ್ಬಿ ಸಮೇತ ಹೆಗಲ ಮೇಲೆ ಹೊತ್ತು, ಒಂದು ಭಾನುವಾರ ಊರಿಗೆ ಹೋದೆ.

ಚಿಗವ್ವ ಇರಕಲ್ಲಗಡದ ಕಡೆ ಕೆಲಸಕ್ಕೆ ಹೋಗಿದ್ದಳು. ಕಾಕಾ ಹೊರಸಿನ ಮೇಲೆ ಫೋನು ಕಿವಿಗಿಟ್ಟುಕೊಂಡು ಕೂತಿದ್ದ. ಸುಮ್ಮನೆ ಕೂಡು ಎಂದು ನನಗೆ ಕೈಸನ್ನೆ ಮಾಡಿದ. ಕೂತೆ. ಐದು ನಿಮಿಷ, ಹತ್ತು ನಿಮಿಷ. ಕಾಕಾ ಒಂದು ಮಾತೂ ಆಡುತ್ತಿಲ್ಲ! ಆ ಕಡೆಯವರು ಅಷ್ಟು ಹೊತ್ತು ಅದೇನು ಕೊರೆಯುತ್ತಿದ್ದಾರೆ? ನನ್ನ ಚಡಪಡಿಕೆ ನೋಡಿ ಕಾಕಾ ಸ್ಪೀಕರ್ ಹಚ್ಚಿ ಫೋನನ್ನು ನಡುವೆ ಇಟ್ಟ. ಗುರ್ರ್ ಎನ್ನುವ ಸದ್ದು.

"ಲೈನ್ ಕೆಟ್ಟೈತಿ ಕಾಕಾ."

"ಕೆಟ್ಟಿಲ್ಲೋ ತಮ್ಮಾ. ನಿಮ್ಮ ಚಿಗವ್ವ ಅದು."

ಬೆಳಿಗ್ಗೆ ಕೆಲಸ ಶುರು ಮಾಡುವಾಗ ಅವಳು ಫೋನು ಹಚ್ಚಿ, ಅಂಗಿಯ ಜೇಬಿನಲ್ಲಿ ಇಟ್ಟು ಗುಂಡಿ ಹಾಕಿಕೊಳ್ಳುತ್ತಾಳೆ. ಸಂಜೆಯವರೆಗೆ ಇವನು ಕೇಳುತ್ತಾನೆ.

"ಗುರ್ ಅಂದ್ರ ಕೊಯ್ಯಾಕತ್ತಾಳ. ಡುಗುಡುಗು ಅಂದ್ರ ನಿಂತು ಮರ ನೋಡಾಕತ್ತಾಳ."

"ಸುಮ್ಮಾದ್ರ?"

ಕಾಕಾ ಉತ್ತರಿಸುವ ಮುಂಚೆಯೇ ಮಷಿನ್ ಸುಮ್ಮನಾಯಿತು. ಅವನು ಫೋನನ್ನು ತಟ್ಟನೆ ಕಿವಿಗೆ ಒತ್ತಿಕೊಂಡ. ಇನ್ನೊಂದು ಕೈ ಹೊರಸಿನ ಹಗ್ಗವನ್ನು ಬಿಗಿಯಾಗಿ ಹಿಡಿಯಿತು.

"ಎಣ್ಣಿ ಹಾಕಾಕತ್ತೀನ್ರಿ" ಎಂದಿತು ಫೋನಿನೊಳಗಿನ ದನಿ.

"ಹೂಂ" ಎಂದ ಕಾಕಾ. ಹಗ್ಗ ಹಿಡಿದ ಕೈ ಸಡಿಲವಾಯಿತು. ಸ್ವಲ್ಪ ಹೊತ್ತಿಗೆ ಮತ್ತೆ ಗುರ್ರ್. ಆಗ ಕಾಕಾ, ಮೂರು ವರ್ಷದಲ್ಲಿ ನಮಗೆ ಯಾರಿಗೂ ಹೇಳದಿದ್ದದ್ದನ್ನು ಹೇಳಿದ.

"ನಾ ಬಿದ್ದ ದಿನ ಒಬ್ಬನ ಇದ್ದೆ. ಬಿಸಿಲೇರೋ ಹೊತ್ತಿಗೆ ಬಿದ್ದೆ. ಮಷಿನ್ನೂ ಬಿದ್ದು ಬಂದ್ ಆತು. ಸುತ್ತ ಹೊಲದಾಗ ಮಂದಿ ಇದ್ರು. ಮುಂಜಾನಿಂದ ಎಲ್ಲಾರಿಗೂ ಅದರ ಸದ್ದು ಕೇಳಿತ್ತು. ಅದು ಸುಮ್ಮಾಗಿದ್ದು ಯಾರಿಗೂ ಕೇಳಲಿಲ್ಲ. ದನಾ ಮನಿಗೆ ಹೊಳ್ಳೋ ಹೊತ್ತಿಗೆ ನನ್ನ ನೋಡಿದ್ರು." ಫೋನಿನ ಕಡೆ ನೋಡುತ್ತ ಮುಂದುವರಿಸಿದ. "ಹಗುರಾದ್ದು ತಗೋ ಅಂತ ನಾನೂ ಹೇಳೀನಿ. ಅಕಿ ಕೇಳಂಗಿಲ್ಲ. ನಾ ಸುಮ್ಮಾದ್ರ ಒಬ್ಬರಿಗಾದ್ರೂ ಗೊತ್ತಾಗ್ಬೇಕು ಅಂತಾಳ."

ಸದ್ದಿಲ್ಲ, ಸದ್ದಿಲ್ಲ ಎಂದು ಕೊಪ್ಪಳದಿಂದ ಊರ ತನಕ ಹೊಗಳಿದ ನನ್ನ ಬಾಯಿ ನೆನಪಾಗಿ ನಾಚಿಕೆಯಾಯಿತು. ಡಬ್ಬಿಯನ್ನು ಕಾಲಿನಿಂದ ಹೊರಸಿನ ಕೆಳಗೆ ತಳ್ಳಿದೆ. ಆದರೆ ಬೆರಳುಗಳು? ಆ ಚಿಂತೆ ಡಬ್ಬಿಯ ಜೊತೆ ಹೊರಸಿನ ಕೆಳಗೆ ಹೋಗಲಿಲ್ಲ.

ಸಂಜೆ ಚಿಗವ್ವ ಬಂದಳು. ಡಬ್ಬಿಯನ್ನು ನೋಡಿದರೂ ನೋಡದವಳ ಹಾಗೆ ಕೈಕಾಲು ತೊಳೆದು, ಹೊರಸಿನ ಪಕ್ಕ ಕೂತು, ಎರಡೂ ಕೈ ಕಾಕಾನ ಮುಂದೆ ಚಾಚಿದಳು. ಕಾಕಾ ಬೆಚ್ಚಗಿನ ಎಣ್ಣೆಯಲ್ಲಿ ಒಂದೊಂದೇ ಬೆರಳು ನೀವತೊಡಗಿದ. ಇದು ದಿನದ ಕೆಲಸ ಎಂದು ನೋಡಿದರೇ ತಿಳಿಯುತ್ತಿತ್ತು.

"ಇದು ಬಂತೇನು?"

"ಬಂತು."

"ಇದು?"

"ಬಂತು."

"ಕಿರಿಬೆರಳು?"

"ಇನ್ನೂ ಇಲ್ಲ."

ಕಾಕಾ ಅದೊಂದೇ ಬೆರಳನ್ನು ಬಹಳ ಹೊತ್ತು ನೀವಿದ. ಆಮೇಲೆ ತಲೆ ಎತ್ತದೆ ಹೇಳಿದ: "ನಾಳಿಂದ ಮುಂಜಾನಿ ನಿಂದು, ಮಧ್ಯಾಹ್ನದ ಮ್ಯಾಲ ಈ ತಮ್ಮ ತಂದದ್ದನ್ನ ಹಿಡಿ."

"ಒಲ್ಲೆ. ಅದು ನಡುನಡುವ ಸಾಯ್ತೈತಿ."

"ಅದು ಸುಮ್ಮಾದಾಗ ನೀ ಮಾತಾಡು."

"ಏನಂತ ಮಾತಾಡ್ಲಿ? ಸುತ್ತಲ ಹೊಲದ ಮಂದಿ ಮುಂದ?"

"ನನಗ ಬೈ. ಮೂವತ್ತು ವರ್ಷ ಬೈದೀದಿ. ಅದಕ್ಕೇನ್ ಹೊಸದಾಗಿ ಕಲೀಬೇಕಾಗಿಲ್ಲ."

ಚಿಗವ್ವ ನಗು ತಡೆದುಕೊಂಡು ಆ ಕಡೆ ಮುಖ ತಿರುಗಿಸಿದಳು. ಆಮೇಲೆ ಮೆಲ್ಲಗೆ "ಬಂತು" ಎಂದಳು. ಕಿರಿಬೆರಳು ಬಂತು ಎಂದಳೋ, ಮಷಿನ್ನಿಗೆ ಒಪ್ಪಿ ಹೇಳಿದಳೋ, ನಾನು ಕೇಳಲಿಲ್ಲ.

ಮೊನ್ನೆ ಕಚೇರಿಯಿಂದ ಏನೋ ಕೆಲಸಕ್ಕೆ ಕಾಕಾನಿಗೆ ಫೋನು ಹಚ್ಚಿದೆ. ಬ್ಯುಸಿ. ಚಿಗವ್ವನಿಗೆ ಹಚ್ಚಿದೆ. ಅದೂ ಬ್ಯುಸಿ. ಗಡಿಯಾರ ನೋಡಿದೆ. ಮೂರು ಗಂಟೆ, ಬೈಗುಳದ ಹೊತ್ತು. ಇಬ್ಬರೂ ಚೆನ್ನಾಗಿದ್ದಾರೆ ಎಂದುಕೊಂಡು ಫೋನನ್ನು ಜೇಬಿಗೆ ಹಾಕಿ, ಗುಂಡಿ ಹಾಕಿಕೊಂಡೆ.