‘ತೆರೆದು ತೋರಿಸಿ’ ಆಟದ ತಯಾರಕರಿಗೆ ಒಬ್ಬ ಟಿಕೆಟ್ ಪರೀಕ್ಷಕನ ಅಹವಾಲು

ಮಾನ್ಯರೇ,

ತಮಗೂ, ಅಂಗೈಯಗಲದ ಪೆಟ್ಟಿಗೆಯೊಳಗೆ ಇಷ್ಟು ದೊಡ್ಡ ರಂಪವನ್ನು ಮಡಚಿ ತುಂಬಬಲ್ಲ ತಮ್ಮ ಕುಶಲ ಕೆಲಸಗಾರರಿಗೂ ನನ್ನ ಅನಂತ ನಮಸ್ಕಾರಗಳು. ತಾವು ತಯಾರಿಸಿದ ‘ತೆರೆದು ತೋರಿಸಿ’ ಎಂಬ ಆಟವನ್ನು ನನ್ನ ಹನ್ನೆರಡು ವರ್ಷದ ಮಗಳು ಶಾಲೆಯಲ್ಲಿ ಬಹುಮಾನವಾಗಿ ಗೆದ್ದು ತಂದಳು. ಮುಚ್ಚಳದ ಮೇಲೆ ‘ಇಡೀ ಕುಟುಂಬಕ್ಕೆ ಇಪ್ಪತ್ತು ನಿಮಿಷದ ನಿರುಪದ್ರವಿ ಮೋಜು’ ಎಂದು ಅಚ್ಚಾಗಿತ್ತು. ಅಚ್ಚಾದದ್ದನ್ನೆಲ್ಲ ನಂಬುವುದು ನನ್ನ ಉದ್ಯೋಗದ ಅಭ್ಯಾಸವಾದ್ದರಿಂದ ಅದನ್ನೂ ನಂಬಿದೆ.

ನಾನು ರೈಲಿನಲ್ಲಿ ಟಿಕೆಟ್ ಪರೀಕ್ಷಕ. ಇಪ್ಪತ್ತಾರು ವರ್ಷಗಳಿಂದ ಮುಖ ಓದಿಯೇ ಅನ್ನ ಉಣ್ಣುತ್ತಿದ್ದೇನೆ. ಟಿಕೆಟ್ ಇಲ್ಲದವನು ನನ್ನನ್ನು ಕಂಡೊಡನೆ ಕಿಟಕಿಯಾಚೆಯ ಕಂಬಗಳಲ್ಲಿ ವಿಪರೀತ ಆಸಕ್ತಿ ತಾಳುತ್ತಾನೆಂದೂ, ಕಳ್ಳನಿದ್ದೆಯವನ ರೆಪ್ಪೆ ಅದುರುತ್ತದೆಂದೂ, ನಿಜವಾಗಿ ಮಲಗಿದವನಿಗೆ ಬಾಯಿ ಮುಚ್ಚಿಕೊಳ್ಳುವ ಪರಿವೆ ಇರುವುದಿಲ್ಲವೆಂದೂ ಹೊಸಬರಿಗೆ ಪಾಠ ಹೇಳುವವನು ನಾನೇ. ಇಂಥವನ ಕೈಗೆ ತಾವು ರಾಜ, ವೈದ್ಯ, ಕಾವಲುಗಾರ, ಕಳ್ಳ ಎಂಬ ಗುಟ್ಟಿನ ಕಾರ್ಡುಗಳನ್ನು ಕೊಟ್ಟು, ಯಾರು ಏನೆಂದು ಬೇಕಾದರೂ ಹೇಳಿಕೊಳ್ಳಬಹುದು, ಅನುಮಾನ ಬಂದವರು ಮೇಜು ತಟ್ಟಿ ‘ತೆರೆದು ತೋರಿಸಿ’ ಎಂದರೆ ಮಾತ್ರ ಕಾರ್ಡು ತಿರುಗಿಸಲೇಬೇಕು ಎಂದು ನಿಯಮ ಮಾಡಿದಿರಿ. ಕೋತಿಗೆ ಮರ ಹತ್ತಲು ಹೇಳಿದಂತಾಯಿತೆಂದು ನಾನು ಒಳಗೊಳಗೇ ನಕ್ಕೆ.

ನನ್ನ ತಾಯಿಯ ವಿಷಯದಲ್ಲಿ ನನ್ನ ವಿದ್ಯೆ ಫಲಿಸಿತು, ಕಳ್ಳನ ಕಾರ್ಡು ಬಂದಾಗಲೆಲ್ಲ ಅವರು “ಅಯ್ಯೋ, ಮತ್ತೆ ನಂಗೇ ಬಂತಲ್ಲೋ!” ಎಂದು ತಾವಾಗಿ ಶರಣಾಗುತ್ತಿದ್ದರು. ಆದರೆ ನನ್ನ ಹೆಂಡತಿ, ಹದಿನೆಂಟು ವರ್ಷದಲ್ಲಿ ನನ್ನೆದುರು ಒಂದು ಸುಳ್ಳನ್ನೂ ಆಡಿಲ್ಲವೆಂದು ನಾನು ಆಣೆ ಮಾಡಬಹುದಾಗಿದ್ದ ನನ್ನ ಹೆಂಡತಿ, ಹನ್ನೊಂದು ಸಲ ಕಳ್ಳನಾಗಿ ಹನ್ನೊಂದು ಸಲವೂ ವೈದ್ಯನೆಂದು ನನ್ನನ್ನು ನಂಬಿಸಿದಳು. ಹನ್ನೆರಡನೆಯ ಸಲ ಮಗಳು ಮೇಜು ತಟ್ಟಿ ಹಿಡಿದುಹಾಕಿದಳು. “ನಿಂಗೆ ಗೊತ್ತೇ ಇಲ್ವಾ ಅಪ್ಪಾ? ಅಮ್ಮ ಸುಳ್ಳು ಹೇಳೋವಾಗ ಮುಂದಿರೋದನ್ನ ಅಂಗೈಲಿ ಸವರ್ತಾಳೆ” ಎಂದಳು.

ಗೊತ್ತಿರಲಿಲ್ಲ, ಸ್ವಾಮಿ. ಆಕೆ ಗ್ರಂಥಾಲಯದಲ್ಲಿ ಹರಿದ ಪುಸ್ತಕಗಳನ್ನು ದುರಸ್ತಿ ಮಾಡುವವಳು. ಹಾಳೆ ಸವರುವುದು ಕೈಗಂಟಿದ ಚಾಳಿ ಎಂದುಕೊಂಡಿದ್ದೆ. ಒಂಬತ್ತು ವರ್ಷದ ಹಿಂದೆ ದೂರದೂರಿನ ದೊಡ್ಡ ಗ್ರಂಥಾಲಯದವರು ಹಳೆಯ ಹಸ್ತಪ್ರತಿಗಳ ಕೆಲಸಕ್ಕೆ ಎರಡು ವರ್ಷದ ಮಟ್ಟಿಗೆ ಬನ್ನಿ ಎಂದು ಆಕೆಗೆ ಬರೆದಿದ್ದರು. “ನಂಗೇ ಇಷ್ಟ ಇಲ್ಲ, ಅಷ್ಟು ದೂರ ಯಾರು ಹೋಗ್ತಾರೆ” ಎಂದು ಆಕೆ ಆ ಕಾಗದವನ್ನು ಮೇಜಿನ ಮೇಲಿಟ್ಟು ನಾಲ್ಕು ಸಲ ಸವರಿದ್ದು ನನಗೆ ಈಗ ನೆನಪಾಗುತ್ತಿದೆ. ನಾನಾಗ ಎಷ್ಟು ಹಗುರಾಗಿ ಉಸಿರು ಬಿಟ್ಟೆನೆಂಬುದೂ ನೆನಪಾಗುತ್ತಿದೆ, ನಾಚಿಕೆಯಾಗುತ್ತಿದೆ.

ತಮ್ಮ ದುರದೃಷ್ಟಕ್ಕೆ ಕಳೆದ ವಾರ ಅದೇ ಗ್ರಂಥಾಲಯದಿಂದ ಮತ್ತೊಂದು ಕಾಗದ ಬಂತು. ಬೆಳಗಿನ ಕಾಫಿಯ ಹೊತ್ತಿಗೆ ಆಕೆ ಅದೇ ಮಾತು ಹೇಳಿ, ಮೇಜಿನ ಬಟ್ಟೆಯ ಇಲ್ಲದ ಸುಕ್ಕನ್ನು ಸವರಿದಳು. ತಮ್ಮ ಮೂರನೆಯ ಪುಟದ ನಿಯಮದಂತೆ ನಾನು ಮೇಜು ತಟ್ಟಿ “ತೆರೆದು ತೋರಿಸು” ಎಂದೆ. ಆಕೆ ಸವರುತ್ತಿದ್ದ ಕೈಯನ್ನು ತೆಗೆದು ಮಡಿಲಲ್ಲಿಟ್ಟುಕೊಂಡು, “ಹೋಗ್ಬೇಕು ಅಂತ ಆಗ್ಲೂ ಆಸೆ ಇತ್ತು, ಈಗ್ಲೂ ಇದೆ” ಎಂದಳು. ನಾನು ಗಂಡಸಿಗೆ ತಕ್ಕ ಗಾಂಭೀರ್ಯದಿಂದ “ಧಾರಾಳವಾಗಿ ಹೋಗು, ನಂಗೇನೂ ಬೇಜಾರಿಲ್ಲ” ಎಂದೆನೋ ಇಲ್ಲವೋ, ಮಗಳು ಮೇಜು ತಟ್ಟಿ, “ತೆರೆದು ತೋರಿಸಪ್ಪಾ! ಜೇಬಲ್ಲಿ ಪೆನ್ನು ಹುಡುಕ್ತಿದೀಯ!” ಎಂದು ಕೂಗಿದಳು. ಸುಳ್ಳು ಹೇಳುವಾಗ ನಾನು ಅಂಗಿಯ ಜೇಬು ತಡವಿಕೊಳ್ಳುವುದು ನನ್ನೊಬ್ಬನನ್ನು ಬಿಟ್ಟು ಮನೆಮಂದಿಗೆಲ್ಲ, ನನ್ನ ತಾಯಿಗೂ, ಮೊದಲಿನಿಂದ ಗೊತ್ತಿತ್ತಂತೆ.

ಆದ್ದರಿಂದ ತಮ್ಮಲ್ಲಿ ವಿನಂತಿ. ದಯಮಾಡಿ ಮುಚ್ಚಳದ ಮೇಲಿನ ‘ಇಪ್ಪತ್ತು ನಿಮಿಷ’ವನ್ನು ‘ಒಂಬತ್ತು ವರ್ಷ’ ಎಂದು ತಿದ್ದುವುದು. ‘ನಿರುಪದ್ರವಿ’ ಎಂಬ ಪದವನ್ನು ಕಿತ್ತುಹಾಕುವುದು. ಸಾಧ್ಯವಾದರೆ ಒಂಬತ್ತು ವರ್ಷದ ಹಿಂದಿನ ಆ ಬೆಳಗನ್ನು ಪೆಟ್ಟಿಗೆಯಲ್ಲಿಟ್ಟು ಮರಳಿ ಕಳುಹಿಸುವುದು. ಈ ಸಲ ಸರಿಯಾದ ಹೊತ್ತಿಗೆ ಮೇಜು ತಟ್ಟುತ್ತೇನೆ.

ಕೈಯಲ್ಲಿದ್ದ ಕಾರ್ಡನ್ನೆಲ್ಲ ತೋರಿಸಿ ಸೋತ,
ತಮ್ಮ ವಿಶ್ವಾಸಿ,
ಒಬ್ಬ ಟಿಕೆಟ್ ಪರೀಕ್ಷಕ

ಮರುಲೇಖ: ಸೋಮವಾರ ಆಕೆ ಹೊರಡುತ್ತಾಳೆ, ಟಿಕೆಟ್ ನಾನೇ ಮಾಡಿಸಿದ್ದೇನೆ, ಕಿಟಕಿ ಪಕ್ಕದ ಸೀಟು. ತಮ್ಮ ಆಟಕ್ಕೆ ಕನಿಷ್ಠ ಮೂವರು ಬೇಕಂತೆ. ನನ್ನ ತಾಯಿಯನ್ನು ಪೂರ್ತಿ ಒಬ್ಬ ಆಟಗಾರ್ತಿ ಎನ್ನಲಾಗದು, ಆದ್ದರಿಂದ ಎರಡೂವರೆ ಮಂದಿ ಆಡಬಹುದಾದ ಆಟವೇನಾದರೂ ಇದ್ದರೆ ತಿಳಿಸಿ. ಅವಸರವಿಲ್ಲ, ಆಕೆ ಹೋಗುವುದರಿಂದ ನನಗೇನೂ ಬೇಜಾರಿಲ್ಲ. ಈ ಸಾಲು ಬರೆದು ಪೆನ್ನಿಗಾಗಿ ಜೇಬು ತಡವಿಕೊಂಡೆ; ಪೆನ್ನು ಕೈಯಲ್ಲೇ ಇತ್ತು.