ಮೇಸ್ತ್ರಿ ಅಳತೆ ತಪ್ಪಿದ್ದು ಒಂದೇ ಸಲ

ನಮ್ಮ ಮೇಸ್ತ್ರಿ ಉಳಿ ಹಿಡಿದರೆ ಒಂದು ತಮಾಷೆ, ಹಾರ್ಮೋನಿಯಂ ಹಿಡಿದರೆ ಇನ್ನೊಂದು. ಎರಡನ್ನೂ ಕೆಳಗಿಟ್ಟು ಸುಮ್ಮನೆ ಕೂತ ದಿನವೂ ಏನಾದರೊಂದು ನಡೆದೇ ನಡೆಯುತ್ತಿತ್ತು. ಅವರು ನ್ಯಾಮತಿಯ ಬಡಗಿ, ನಾನು ಚನ್ನಗಿರಿಯ ವೈರ್‌ಮನ್. ಎಪ್ಪತ್ತರ ದಶಕದಲ್ಲಿ ಅಂಡಮಾನಿನ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಅಕ್ಕಪಕ್ಕದ ಮನೆ. ಹಗಲೆಲ್ಲ ಬಾಗಿಲು, ಕಿಟಕಿ ಮಾಡುತ್ತಿದ್ದರು. ಸಂಜೆ ದ್ವೀಪದಲ್ಲಿ ಯಾರ ಮನೆಯ ಮದುವೆ, ಭಜನೆ ಇದ್ದರೂ ಹಾರ್ಮೋನಿಯಂ ಇವರದೇ. ಎರಡರಲ್ಲೂ ಅಂಥ ಕೈ ನಾನು ಮತ್ತೆ ಕಂಡಿಲ್ಲ.

ಎಷ್ಟು ವರ್ಷ?

ರಜೆಗೆ ಬಂದಾಗ ಜಗಳೂರು ಕಡೆಯ ಸೊಕ್ಕೆಗೆ ಅವರಿಗೆ ಹೆಣ್ಣು ನೋಡಲು ಹೋದೆವು. ಅಂಡಮಾನ್ ಎಂದ ಕೂಡಲೇ ಹೆಣ್ಣಿನ ತಂದೆಯ ಮುಖ ಸಣ್ಣಗಾಯಿತು.

"ಎಷ್ಟು ವರ್ಷ ಹಾಕ್ಯಾರಪ್ಪಾ?"

"ಶಿಕ್ಷೆ ಅಲ್ರೀ ಯಜಮಾನ್ರೆ, ನೌಕರಿ. ನಾನಾಗೇ ಹೋಗಿದ್ದು."

ಯಜಮಾನರು ನನ್ನ ಕಡೆ ತಿರುಗಿದರು. "ಹಿಡಿದು ಕಳಿಸಿದ್ರೆ ಪಾಪ ಅನ್ನಬಹುದಿತ್ತು. ತಾನಾಗೇ ಹೋದೋನಿಗೆ ಹೆಣ್ಣು ಕೊಡೋದು ಹೆಂಗ್ರೀ?"

ಬಾಜಾ, ತಬಲಾ

ಮೇಸ್ತ್ರಿಗೆ ಹುಡುಗಿ ಮೆಚ್ಚಿಗೆಯಾಗಿಬಿಟ್ಟಿದ್ದಳು. ಮಾತಿನಲ್ಲಿ ಆಗದ್ದು ಹಾಡಿನಲ್ಲಾದರೂ ಆಗಲೆಂದು ಹಾರ್ಮೋನಿಯಂ ಬಿಚ್ಚಿದರು. ಸಮುದ್ರದ ತೇವಕ್ಕೆ ಅದರ ಮನೆಗಳು, ಅಂದರೆ ಬೆರಳಿಂದ ಒತ್ತುವ ಪಟ್ಟಿಗಳು, ಉಬ್ಬಿ ಕಚ್ಚಿಕೊಳ್ಳುತ್ತವೆಂದು ಒಂದೊಂದನ್ನೂ ಉಜ್ಜಿ ತೆಳ್ಳಗೆ ಮಾಡಿಟ್ಟಿದ್ದರು. ಸೊಕ್ಕೆಯ ಒಣ ಗಾಳಿಗೆ ಅವೆಲ್ಲ ಸಡಿಲವಾಗಿ, ಬೆರಳಿಟ್ಟಲ್ಲೆಲ್ಲ ಟಕಟಕ. ನನಗೆ ಎದ್ದು ಓಡಿಹೋಗುವಷ್ಟು ನಾಚಿಕೆ. ಮೇಸ್ತ್ರಿ ಮಾತ್ರ ಆ ಟಕಟಕಕ್ಕೇ ಹಾಡು ಹೊಂದಿಸಿ ಮುಗಿಸಿದರು! ಒಳಗೆ ಹುಡುಗಿ ಕಿಸಕ್ಕನೆ ನಕ್ಕಳು.

ಯಜಮಾನರು ತಲೆದೂಗಿದರು. "ಬಾಜಾನೂ ಇವನದೇ, ತಬಲಾನೂ ಇವನದೇ. ಸಂಸಾರ ತೂಗಿಸ್ತಾನೆ ಬಿಡ್ರಿ."

ಹೊಸಿಲು

ಹುಡುಗಿ ಎರಡು ಕರಾರು ಹಾಕಿದಳು. ಹೊಸಿಲಿಲ್ಲದ ಮನೆಗೆ ಕಾಲಿಡುವುದಿಲ್ಲ. ದ್ವೀಪ ಹಿಡಿಸದಿದ್ದರೆ ಮುಂದಿನ ಹಡಗಿಗೇ ವಾಪಸ್. ಮೇಸ್ತ್ರಿ ಎರಡಕ್ಕೂ ಹೂಂ ಅಂದರು.

ಸರ್ಕಾರಿ ಕ್ವಾರ್ಟರ್ಸಿಗೆ ಹೊಸಿಲೆಲ್ಲಿಂದ ಬರಬೇಕು? ದ್ವೀಪದ ಕೆಂಪು ಮರದಲ್ಲಿ, ನಮ್ಮೂರಿನ ಮನೆಗಳಲ್ಲಿರುವಷ್ಟೇ ಎತ್ತರಕ್ಕೆ, ಇವರೇ ಕೆತ್ತಿ ಕೂರಿಸಿದರು. ಮದುವೆಯಾಗಿ ಆಕೆ ಬಂದ ಮೊದಲ ಶುಕ್ರವಾರ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ ಹೂವಿಡುವುದಕ್ಕೂ, ಓವರ್‌ಸಿಯರ್ ತಪಾಸಣೆಗೆ ಬರುವುದಕ್ಕೂ ಸರಿಹೋಯಿತು. ಮನುಷ್ಯ ಎಡವಿ ಒಳಗೆ ಉದ್ದಕ್ಕೆ ಬಿದ್ದರು.

"ಏಳ್ರೀ ಸಾಹೇಬ್ರೆ," ಎಂದಳು ಆಕೆ, "ಹೊಸಿಲಿಗೆ ಕೈ ಮುಗಿದಿದ್ರೆ ಸಾಕಿತ್ತು."

ಪೆಟ್ಟಿಗೆ

ಆಮೇಲೆ ಮಳೆ ಹಿಡಿಯಿತು. ರೊಟ್ಟಿಗೆ ಜೋಳವಿಲ್ಲ, ಮಾತಿಗೆ ಹೆಂಗಸರಿಲ್ಲ. ಆಕೆ ಹಡಗಿನ ಮಾತೆತ್ತಿದಳು. ಮೇಸ್ತ್ರಿ ಹಾರ್ಮೋನಿಯಂ ಮುಟ್ಟುವುದನ್ನೇ ಬಿಟ್ಟರು. ಆದರೆ ಕೊಟ್ಟ ಮಾತು ಮಾತೇ. ಉಪ್ಪುಗಾಳಿಗೆ ಆಕೆಯ ಟ್ರಂಕು ತುಕ್ಕು ಹಿಡಿದಿತ್ತೆಂದು ಹೊಸ ಮರದ ಪೆಟ್ಟಿಗೆ ಮಾಡಿಕೊಡಲು ಕೂತರು. ಹೊರಗೆ ಮಳೆ, ಕೆಲಸವೆಲ್ಲ ಮನೆಯೊಳಗೇ.

ಹಡಗಿನ ದಿನ ಪೆಟ್ಟಿಗೆ ಎತ್ತಲು ನಾವು ನಾಲ್ಕು ಜನ ಹೋದೆವು. ಅಡ್ಡ ಹಿಡಿದೆವು, ಓರೆ ಮಾಡಿದೆವು, ಎತ್ತಿ ನಿಲ್ಲಿಸಿದೆವು. ಬಾಗಿಲಲ್ಲಿ ತೂರಲೇ ಇಲ್ಲ! ಕೂದಲೆಳೆಯಷ್ಟೂ ಅಳತೆ ತಪ್ಪದ ಮೇಸ್ತ್ರಿ ತಲೆ ತಗ್ಗಿಸಿ ನಿಂತಿದ್ದರು.

"ಹೊಸಿಲು ಕಿತ್ತು, ಚೌಕಟ್ಟು ಬಿಚ್ಚೋಣ ಅಣ್ಣಾ," ಅಂದೆ.

ಆಕೆ ಅಡ್ಡ ನಿಂತಳು. "ಪೂಜೆ ಮಾಡಿದ ಹೊಸಿಲು ಕೀಳಾಕೆ ಬಿಡಾಕಿಲ್ಲ!"

ಅಷ್ಟರಲ್ಲಿ ಹಡಗು ಕೂಗಿತು, ಹೊರಟಿತು. ಆಕೆ ಒಲೆ ಹಚ್ಚಿದಳು. ಸಂಜೆ ಪಕ್ಕದ ಮನೆಯಲ್ಲಿ ಹಾರ್ಮೋನಿಯಂ ಕೇಳಿಸಿತು.

ಎಷ್ಟೋ ವರ್ಷದ ಮೇಲೆ ಹೊನ್ನಾಳಿಯ ಒಂದು ಮದುವೆ ಊಟದಲ್ಲಿ ಮೂವರೂ ಸೇರಿದ್ದೆವು. ನಾನು ಕೆಣಕಿದೆ: "ಅತ್ತಿಗೆ, ಅವತ್ತು ಮೇಸ್ತ್ರಿ ಬೇಕಂತಲೇ ಅಳತೆ ತಪ್ಪಿಸಿದ್ದು. ನಿಮಗೆ ಗೊತ್ತೇ ಆಗ್ಲಿಲ್ಲ."

ಮೇಸ್ತ್ರಿ ಎಲೆ ನೋಡುತ್ತಾ ಮುಸಿಮುಸಿ ನಕ್ಕರು.

"ಗೊತ್ತಾಗದೆ ಏನು?" ಎಂದರು ಅತ್ತಿಗೆ. "ಬಾಗಿಲು ಅಳೆಯೋವಾಗ ಟೇಪಿನ ಆ ತುದಿ ಹಿಡಿದೋಳು ನಾನೇ. ಪೆಟ್ಟಿಗೆ ಅದಕ್ಕಿಂತ ನಾಕು ಬೆರಳು ಜಾಸ್ತಿ ಇರ್ಲಿ ಅಂದೋಳೂ ನಾನೇ."